ಸಂಬಳ ಬರುವವರೆಗೆ

ನಮ್ಮ ಚರ್ಚಿನ ಸಭೆಯ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿ 1,200 ರೂಪಾಯಿಗೆ ಹೋಗುವುದೂ ಉಂಟು. ಕೂಗಿ ಕೊಂಡವರು ಅದನ್ನು ಮತ್ತೆ ಸಭೆಗೇ ಕೊಡುತ್ತಾರೆ, ಅದು ಇನ್ನೊಮ್ಮೆ ಹರಾಜಾಗುತ್ತದೆ. ಆಗ ಎಲ್ಲವೂ ನಗದು. ಭಾನುವಾರ ಬ್ಯಾಂಕಿಲ್ಲವಾದ್ದರಿಂದ ಆ ಹಣ ಖಜಾಂಚಿಯಾದ ನನ್ನ ಮನೆಯ ಬೀರುವಿನಲ್ಲಿ ರಾತ್ರಿ ಕಳೆಯುತ್ತಿತ್ತು.

ಆ ವರ್ಷ ಹಬ್ಬದ ಮರುದಿನವೇ ಐದನೇ ತಾರೀಖು. ಬೈಕ್ ಸಾಲದ ಕಂತು ಬಾಕಿ, ಸಂಬಳ ತಡ. ರಾತ್ರಿ ಊಟದ ಮೇಜಿನ ಮೇಲೆ ಹತ್ತರ ನೋಟುಗಳನ್ನು ಎಣಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದಾಗ ಒಂದು ಯೋಚನೆ ಬಂತು. ‘ಕದಿ’ ಎಂದು ಅದು ಹೇಳಲಿಲ್ಲ. ಹೇಳಿದ್ದರೆ ಬೈದು ಅಟ್ಟುತ್ತಿದ್ದೆ. ‘ಎಂಟು ಸಾವಿರ ತಗೋ. ಸಂಬಳ ಬಂದ ದಿನ ಸೇರಿಸಿ ಎಲ್ಲಾ ಒಟ್ಟಿಗೆ ಕಟ್ಟು. ಈ ಸಭೆಗಾಗಿ ನೀನು ಕೈಯಿಂದ ಹಾಕಿದ್ದೇನು ಕಡಿಮೆಯೇ?’ ಎಂದಿತು. ಲೆಕ್ಕದಲ್ಲಿ ತಪ್ಪೇ ಕಾಣಲಿಲ್ಲ. ತೆಗೆದುಕೊಂಡೆ, ಆರು ದಿನಕ್ಕೆ ಪೂರ್ತಿ ಕಟ್ಟಿದೆ. ಚಲನ್ನಿನ ತಾರೀಖನ್ನು ಯಾರೂ ನೋಡಲಿಲ್ಲ. ಕ್ರಿಸ್ಮಸ್ ಕಾಣಿಕೆಯ ಹೊತ್ತಿಗೆ ಆ ಯೋಚನೆ ಅಷ್ಟು ವಾದ ಮಾಡಬೇಕಾಗಲಿಲ್ಲ. ಈಸ್ಟರಿಗಂತೂ ಕೇಳಲೇ ಇಲ್ಲ, ಕೈ ತಾನಾಗಿ ಹೋಯಿತು.

ಅದಾಗಿ ಸ್ವಲ್ಪ ದಿನಕ್ಕೆ ಬುಧವಾರದ ಬೈಬಲ್ ಅಧ್ಯಯನದಲ್ಲಿ ಆದಿಕಾಂಡದ ಮೂರನೇ ಅಧ್ಯಾಯ ನನ್ನ ಪಾಲಿಗೆ ಬಂತು. ದೇವರು ಬೇಡವೆಂದ ಹಣ್ಣನ್ನು ಸರ್ಪದ ಮಾತು ಕೇಳಿ ಹವ್ವಳು, ಅವಳ ಗಂಡ ಆದಾಮ ತಿಂದದ್ದು, ಚಿಕ್ಕಂದಿನಿಂದ ಕೇಳಿದ ಕಥೆ. ತಯಾರಿಗೆ ಕೂತಾಗ ಎರಡು ವಿಷಯ ಕಣ್ಣಿಗೆ ಬಿದ್ದವು. ಸರ್ಪ ಮೊದಲು ಆಜ್ಞೆ ಮಾಡುವುದಿಲ್ಲ, ಪ್ರಶ್ನೆ ಕೇಳುತ್ತದೆ. ಹವ್ವಳು ಉತ್ತರ ಕೊಡುತ್ತಾ ‘ಮುಟ್ಟಲೂ ಬಾರದು’ ಎಂದು ಎರಡನೇ ಅಧ್ಯಾಯದ ಆಜ್ಞೆಯಲ್ಲಿ ಇಲ್ಲದ ಮಾತನ್ನು ಸೇರಿಸುತ್ತಾಳೆ. ಮಾತಿಗೆ ಕೂತಳು ನೋಡಿ. ಇನ್ನೊಂದು, ‘ಪಾಪ’ ಎಂಬ ಶಬ್ದ ಆ ಅಧ್ಯಾಯದಲ್ಲೇ ಇಲ್ಲ. ಮೊದಲು ಬರುವುದು 4:7ರಲ್ಲಿ, ಅವರ ಮಗ ಕಾಯಿನನು ತಮ್ಮನ ಮೇಲೆ ಕೈ ಎತ್ತುವ ಮೊದಲು. ಅದು ಬಾಗಿಲಲ್ಲಿ ಹೊಂಚಿ ಮಲಗಿದೆ, ನೀನು ಅದನ್ನು ಆಳಬೇಕು ಎಂದು ದೇವರು ಎಚ್ಚರಿಸುತ್ತಾನೆ.

ಪಾಪ ಆದಾಮನಿಂದ ಲೋಕಕ್ಕೆ ಬಂತು ಎಂದು ರೋಮಾಪುರದವರಿಗೆ ಬರೆದ ಪತ್ರ ಹೇಳುತ್ತದೆ. ನಾನು ಅದನ್ನು ನಂಬುತ್ತೇನೆ. ಆದರೆ ಆದಾಮ ನನಗೆ ಒಳ್ಳೆಯ ನೆಪವೂ ಆಗಿದ್ದ. ಕಂತಿನ ತೊಂದರೆಯನ್ನು ನಮ್ಮ ಸಭೆಯ ರೂಢಿಯಂತೆ ‘ಶೋಧನೆ’, ಅಂದರೆ ಪರೀಕ್ಷೆ, ಎಂದು ಕರೆದುಕೊಂಡು, ಅದನ್ನೂ ದೇವರ ಲೆಕ್ಕಕ್ಕೆ ಬರೆದಿದ್ದೆ. ಯಾಕೋಬನ ಪತ್ರದ 1:13ರಿಂದ 15 ಆ ದಾರಿ ಮುಚ್ಚಿತು: ದೇವರು ಯಾರನ್ನೂ ಕೆಡುಕಿಗೆ ಎಳೆಯುವುದಿಲ್ಲ, ಎಳೆಯುವುದು ಅವರವರ ಆಸೆ, ಆಸೆ ಬಸುರಾಗಿ ಪಾಪವನ್ನು ಹೆರುತ್ತದೆ. ನನ್ನ ಬೀರುವಿನ ಮುಂದೆ ಆದಾಮ ನಿಂತಿರಲಿಲ್ಲ.

ಮೊದಲು ಶುಕ್ರವಾರದ ಉಪವಾಸ ಹಿಡಿದೆ. ಹಣ ಇದ್ದ ರಾತ್ರಿ ಮೊಣಕಾಲೂರಿ ಪ್ರಾರ್ಥಿಸಿದೆ. ಪ್ರಾರ್ಥನೆ ಉದ್ದವಾಯಿತು, ಕಣ್ಣು ಬೀರು ಬಿಟ್ಟು ಕದಲಲಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯ ‘ನಮ್ಮನ್ನು ಶೋಧನೆಯೊಳಗೆ ಸೇರಿಸದೆ’ ಎನ್ನುವಾಗ ನಗು ಬಂತು. ಚೀಲವನ್ನು ಮನೆಗೆ ಹೊತ್ತು ತಂದವನು ನಾನೇ ಅಲ್ಲವೇ? ಪೋಟೀಫರನ ಮನೆಯಲ್ಲಿ ಒಡೆಯನ ಹೆಂಡತಿ ಹಾಸಿಗೆಗೆ ಕರೆದು ಹಿಡಿದಾಗ ಯೋಸೇಫನು ಕೊನೆಗೆ ಬಟ್ಟೆ ಬಿಟ್ಟು ಓಡಿದ. ಅಡವಿಯಲ್ಲಿ ಶೋಧಿಸಲು ಬಂದ ಸೈತಾನನಿಗೆ ಯೇಸು ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದವು, ಒಂದೊಂದೂ ತುಂಡು ಮಾತು. ‘ನೀನು ದೇವಕುಮಾರನಾದರೆ’ ಎಂದು ಕೆಣಕಿದ್ದಕ್ಕೆ ಆತ ರುಜುವಾತು ಕೊಡುತ್ತಾ ಕೂರಲಿಲ್ಲ. ನಾನು ಮಾತ್ರ ಪ್ರತಿ ಸಲ ಸೈತಾನನಿಗೆ ಲೆಕ್ಕಪತ್ರ ಒಪ್ಪಿಸುತ್ತಿದ್ದೆ.

ಸಭಾಪಾಲಕರ ಮನೆಗೆ ಹೋಗಿ ಹೇಳಿದೆ. ಬೈಯಲಿಲ್ಲ. “ಎಷ್ಟು ಸಲ ಬ್ರದರ್?” ಎಂದರು. “ಎರಡು, ಅಯ್ಯನವರೇ” ಎಂದೆ. ಗೇಟಿನವರೆಗೆ ಬಂದು ಚಪ್ಪಲಿ ಹಾಕಿಕೊಂಡವನು ಮತ್ತೆ ಒಳಗೆ ಹೋಗಿ “ಮೂರು” ಎಂದೆ. ಆ ಹತ್ತು ಹೆಜ್ಜೆ ಉಪವಾಸಕ್ಕಿಂತ ಕಷ್ಟವಾಗಿತ್ತು.

ಖಜಾಂಚಿ ಕೆಲಸ ಬಿಡುತ್ತೇನೆಂದೆ, ಅವರು ಕಮಿಟಿಗೆ ಹೇಳೋಣ ಎಂದರು. ಹೇಳಿದೆವು. ಇಬ್ಬರ ಮುಖ ಇಂದಿಗೂ ಸರಿಯಿಲ್ಲ, ಅದು ಅವರ ಹಕ್ಕು. ಕೆಲಸ ಉಳಿಯಿತು, ಬೀರು ತಪ್ಪಿತು. ಈಗ ದೇವಾಲಯದಲ್ಲೇ ಮೂವರು ಎಣಿಸಿ, ಪುಸ್ತಕಕ್ಕೆ ಸಹಿ ಹಾಕಿ, ತಿಜೋರಿಯಲ್ಲಿಡುತ್ತೇವೆ. ಕ್ಯೂಆರ್ ಕೋಡ್ ಬಂದ ಮೇಲೆ ನಗದೂ ಇಳಿದಿದೆ. ನನ್ನ ಉಪವಾಸ ಮಾಡದ್ದನ್ನು ಆ ಕಪ್ಪು ಚೌಕ ಮಾಡಿತು ಎಂದರೆ ಕೆಲವರಿಗೆ ಸಿಟ್ಟು ಬರಬಹುದು.

ಹೋದ ಸುಗ್ಗಿ ಹಬ್ಬದಲ್ಲಿ ಎಣಿಸಲು ಬಂದ ಹುಡುಗ, “ಅಂಕಲ್, ತಿಜೋರಿ ಕೀಲಿ ನಿಮ್ಮ ಹತ್ರ ಇರಲ್ವಾ?” ಎಂದ. ಇಲ್ಲಪ್ಪ, ನಾನೇ ಬೇಡ ಅಂದೆ ಎಂದೆ. ಅವನು ಇನ್ನೊಂದು ಕಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿ ನನ್ನ ಕಡೆ ತಳ್ಳಿದ. ನಾನು ಇನ್ನೊಮ್ಮೆ ಎಣಿಸಿದೆ.