ನಕ್ಷತ್ರ ಎಣಿಸುವುದನ್ನು ಬಿಟ್ಟ ಮೇಲೆ: ಸೈಕಲ್ ಕಂಪ್ಯೂಟರ್ ಆರಿಸಿದ ನನ್ನ ಅನುಭವ

ನಮ್ಮ ಸೈಕಲ್ ಸವಾರರ ಗುಂಪಿನಲ್ಲಿ ನನಗೆ ‘ದೂರು ಜೋಯಿಸ’ ಎಂಬ ಹೆಸರು ಬಿದ್ದು ನಾಲ್ಕು ವರ್ಷವಾಯಿತು. ಸೈಕಲ್ ಕಂಪ್ಯೂಟರ್ ಎಂದರೆ ಹ್ಯಾಂಡಲ್ ಮೇಲೆ ಕೂತು ವೇಗ, ದೂರ, ದಾರಿ ತೋರಿಸುವ ಪುಟ್ಟ ಯಂತ್ರ. ಹೊಸದು ಬಂದರೆ ಬೇರೆಯವರು ಅದರ ಗುಣಗಾನ ಓದುತ್ತಾರೆ. ನಾನು ಅದನ್ನು ಕೊಂಡವರು ಹಾಕಿದ ಶಾಪಗಳನ್ನು ಓದುತ್ತೇನೆ. ಇಷ್ಟು ದಿನ ನಕ್ಕವರೇ ಈಗ ‘ಯಾವುದನ್ನು ಕೊಳ್ಳಲಿ, ಹೇಳಿ’ ಎಂದು ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸಾಕಾಗಿ ಒಮ್ಮೆ ಬರೆದು ಮುಗಿಸುತ್ತಿದ್ದೇನೆ. ಜಿಪಿಎಸ್ ಹೇಗೆ ಕೆಲಸ ಮಾಡುತ್ತದೆ, ಎಎನ್‌ಟಿ ಪ್ಲಸ್ ಎಂಬ ನಿಸ್ತಂತು ಸಂಪರ್ಕಕ್ಕೂ ಬ್ಲೂಟೂತ್‌ಗೂ ಏನು ವ್ಯತ್ಯಾಸ ಎಂಬುದೆಲ್ಲ ಇಲ್ಲಿಲ್ಲ. ಹ್ಯಾಂಡಲ್ ಮೇಲೆ ಒಂದಾದರೂ ಕಂಪ್ಯೂಟರ್ ಸಾಯುವುದನ್ನು ಕಣ್ಣಾರೆ ಕಂಡವರಿಗಾಗಿ ಇದು.

ನನ್ನ ಮೊದಲನೆಯದು ಸತ್ತದ್ದು 400 ಕಿಲೋಮೀಟರಿನ ಬ್ರೆವೆಯಲ್ಲಿ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ), 260ರ ಆಸುಪಾಸಿನಲ್ಲಿ, ರಾತ್ರಿ ಮಳೆ ಸುರಿಯುತ್ತಿದ್ದಾಗ. ಪರದೆ ಒಮ್ಮೆ ಮಿನುಗಿತು. ಕಂಪನಿಯ ಚಿಹ್ನೆ ಬಂತು, ಹೋಯಿತು, ಮತ್ತೆ ಬಂತು. ಅರ್ಧ ಗಂಟೆ ಅದು ಹೀಗೆಯೇ ಎದ್ದು ಬೀಳುತ್ತಿತ್ತು, ಆಮೇಲೆ ಏಳಲಿಲ್ಲ. ಕತ್ತಲಲ್ಲಿ ತಿರುವು ತಪ್ಪಿ ಎರಡು ಗಂಟೆ ಕಳೆದೆ. 27 ಗಂಟೆಯ ಗಡುವಿಗೆ ಹತ್ತೋ ಹನ್ನೆರಡೋ ನಿಮಿಷ ಬಾಕಿ ಇರುವಾಗ ಮುಟ್ಟಿದೆ. ಆ ಕಂಪ್ಯೂಟರಿಗೆ ಇದ್ದದ್ದು 4.6 ನಕ್ಷತ್ರ. ಮನೆಗೆ ಬಂದವನೇ ನಕ್ಷತ್ರ ದಾನ ಮಾಡಿದವರ ಬರಹಗಳನ್ನು ಒಂದೊಂದಾಗಿ ಓದಿದೆ. ಮುಕ್ಕಾಲು ಪಾಲು ಜನ ಪೆಟ್ಟಿಗೆ ಒಡೆದ ವಾರದಲ್ಲೇ ಬರೆದವರು. ‘ಪ್ಯಾಕಿಂಗ್ ಚೆನ್ನಾಗಿದೆ’, ‘ಪರದೆ ಸ್ಪಷ್ಟವಾಗಿದೆ’, ‘ನಾಳೆ ಮೊದಲ ಸವಾರಿ’. ಮಗುವಿನ ನಾಮಕರಣದ ದಿನ ಅದರ ಆಯುಸ್ಸಿನ ಬಗ್ಗೆ ನೆಂಟರು ಆಡುವ ಮಾತಿಗೆ ಎಷ್ಟು ಬೆಲೆಯೋ ಅದಕ್ಕೂ ಅಷ್ಟೇ.

ಎರಡನೆಯ ಸಲ ಜಾಣನಾದೆ ಎಂದುಕೊಂಡೆ. ನಕ್ಷತ್ರ ಬಿಟ್ಟು ದೂರುಗಳನ್ನು ಎಣಿಸಿದೆ. ಅತಿ ಕಡಿಮೆ ದೂರು ಇದ್ದ ಮಾದರಿಯನ್ನು ಕೊಂಡೆ. ಎಂಟು ತಿಂಗಳಲ್ಲಿ ಅದೂ ಹೋಯಿತು. ದೂರು ಕಡಿಮೆ ಇದ್ದದ್ದು ಏಕೆಂದರೆ ಅದನ್ನು ಕೊಂಡವರೇ ಕಡಿಮೆ. ಅಳುವವರಿಲ್ಲದ ಮನೆಯಲ್ಲಿ ಸಾವೇ ಇಲ್ಲ ಎಂದು ನಂಬಿದ ಹಾಗಾಯಿತು. ಈ ಎರಡಕ್ಕೆ ಸುರಿದ ದುಡ್ಡಿನಲ್ಲಿ ಒಂದು ಜೊತೆ ಒಳ್ಳೆಯ ಚಕ್ರಗಳು ಬರುತ್ತಿದ್ದವು. ಆ ಲೆಕ್ಕ ಇಂದಿಗೂ ಹೊಟ್ಟೆ ಉರಿಸುತ್ತದೆ.

ಎಷ್ಟು ಮಾರಾಟವಾಗಿದೆ ಎಂದು ಕಂಪನಿಗಳು ಹೇಳುವುದಿಲ್ಲ. ಅದು ಗೊತ್ತಾಗದೆ ದೂರಿನ ಸಂಖ್ಯೆಗೆ ಅರ್ಥವಿಲ್ಲ. ತಿಂಗಳುಗಟ್ಟಲೆ ತಲೆ ಕೆರೆದುಕೊಂಡ ಮೇಲೆ ಹೊಳೆದದ್ದು ಇಷ್ಟು: ಅಳುವವರನ್ನು ಎಣಿಸುವ ಮೊದಲು ಪೆದ್ದು ಪ್ರಶ್ನೆ ಕೇಳುವವರನ್ನು ಎಣಿಸು. ‘ಮೌಂಟ್ ಯಾವ ಹ್ಯಾಂಡಲ್‌ಗೆ ಕೂರುತ್ತದೆ?’, ‘ಹೃದಯ ಬಡಿತದ ಪಟ್ಟಿ ಜೋಡಿಸುವುದು ಹೇಗೆ?’, ‘ನಕ್ಷೆ ಎಲ್ಲಿ ಹಾಕಬೇಕು?’ ಇವು ಕಂಪ್ಯೂಟರ್ ಕೆಟ್ಟವನೂ ಕೇಳುವ, ಕೆಡದವನೂ ಕೇಳುವ ಪ್ರಶ್ನೆಗಳು. ಕೊಂಡವರೆಲ್ಲ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕೇಳುತ್ತಾರೆ. ಹಾಗಾಗಿ ಇವೇ ನನ್ನ ಭಾಜಕ. ನೂರು ಪೆದ್ದು ಪ್ರಶ್ನೆಗೆ ಎಷ್ಟು ಸಾವು? ಈ ಒಂದೇ ಭಾಗಾಕಾರ ನನ್ನ ಪಟ್ಟಿಯನ್ನು ತಲೆಕೆಳಗು ಮಾಡಿತು. ಎಲ್ಲರೂ ಬೈಯುತ್ತಿದ್ದ ಒಂದು ಮಾದರಿ ಮೇಲಿನಿಂದ ಎರಡನೆಯ ಜಾಗಕ್ಕೆ ಬಂದು ಕೂತಿತು. ಯಾವ ಪ್ರಶ್ನೆಗಳು ಒಳ್ಳೆಯ ಭಾಜಕ, ಯಾವುವು ಮೋಸ ಮಾಡುತ್ತವೆ ಎಂಬುದನ್ನು ಪೂರ್ತಿ ಹೇಳುವುದಿಲ್ಲ. ಮೇಲಿನ ಮೂರರಲ್ಲಿ ಒಂದು ಮೋಸದ್ದು ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ದೂರುಗಳನ್ನು ನಾಲ್ಕು ಬುಟ್ಟಿಗೆ ಹಾಕುತ್ತೇನೆ. ಸತ್ತದ್ದು, ಮೂರ್ಛೆ ಹೋದದ್ದು, ಸುಳ್ಳು ಹೇಳಿದ್ದು, ಮುನಿಸು. ಸತ್ತದ್ದು ಎಂದರೆ ಮತ್ತೆ ಏಳದ್ದು. ಮೂರ್ಛೆ ಎಂದರೆ ನಡುದಾರಿಯಲ್ಲಿ ನಿಂತು, ಗುಂಡಿ ಒತ್ತಿ ಹಿಡಿದರೆ ಎದ್ದದ್ದು. ಮುನಿಸು ಎಂದರೆ ಕೊರಿಯರ್ ತಡ, ಬಣ್ಣ ಬೇರೆ, ಗ್ರಾಹಕ ಸೇವೆಯವರು ಒರಟಾಗಿ ಮಾತನಾಡಿದರು ಇತ್ಯಾದಿ. ಆ ಬುಟ್ಟಿಯನ್ನು ನೇರವಾಗಿ ಚೆಲ್ಲುತ್ತೇನೆ. ಎಲ್ಲಕ್ಕಿಂತ ತಲೆನೋವು ಕೊಡುವುದು ‘ಸುಳ್ಳು ಹೇಳಿದ್ದು’. ಅದರಲ್ಲಿ ಅರ್ಧಕ್ಕರ್ಧ ಸುಳ್ಳು ಮನುಷ್ಯನದೇ. ವೇಗ ತಪ್ಪು ತೋರಿಸುತ್ತದೆ ಎಂದು ಎರಡು ಪುಟ ಬರೆದವರೊಬ್ಬರು ಕೊನೆಯ ಸಾಲಿನಲ್ಲಿ ‘ಹೊಸ ಟೈರ್ ಹಾಕಿಸಿದ ಮೇಲೆ’ ಎಂದು ಸೇರಿಸಿದ್ದರು. 25 ಮಿಲಿಮೀಟರ್ ಅಗಲದ ಟೈರಿಗೆ ಚಕ್ರದ ಸುತ್ತಳತೆ 2105 ಮಿಲಿಮೀಟರ್, 28ಕ್ಕೆ 2136. ಕಂಪ್ಯೂಟರಿನಲ್ಲಿ ಈ ಅಂಕಿ ಬದಲಾಯಿಸದೆ ಬಿಟ್ಟರೆ ನೂರು ಕಿಲೋಮೀಟರಿಗೆ ಒಂದೂವರೆ ಕಿಲೋಮೀಟರ್ ಸೋರಿಹೋಗುತ್ತದೆ. ಪಾಪದ ಕಂಪ್ಯೂಟರ್ ಏನು ಮಾಡೀತು?

ಎತ್ತರದ ದೂರೂ ಇಂಥದ್ದೇ. ‘ಹೊರಟ ಜಾಗಕ್ಕೇ ಬಂದು ನಿಂತೆ, ನಲವತ್ತು ಮೀಟರ್ ಹೆಚ್ಚು ತೋರಿಸುತ್ತಿದೆ’ ಎನ್ನುವವರ ದೂರಿನ ದಿನಾಂಕ ನೋಡಿ, ಅಂದಿನ ಹವಾಮಾನ ತೆಗೆದರೆ ಎಷ್ಟೋ ಸಲ ವಾಯುಭಾರ ಕುಸಿದಿರುತ್ತದೆ. ಒತ್ತಡ ಒಂದು ಹೆಕ್ಟೋಪಾಸ್ಕಲ್ ಇಳಿದರೆ ಕಂಪ್ಯೂಟರ್ ತಾನು ಎಂಟು ಮೀಟರ್ ಹತ್ತಿದೆ ಎಂದುಕೊಳ್ಳುತ್ತದೆ. ಇದನ್ನು ನಂಬದ ಗೆಳೆಯರೊಬ್ಬರಿಗೆ ತೋರಿಸಲೆಂದು ಕಂಪ್ಯೂಟರನ್ನು ಗಾಳಿ ತುಂಬಿದ ಜಿಪ್ ಚೀಲದಲ್ಲಿ ಹಾಕಿ ಬಾಯಿ ಮುಚ್ಚಿ ಎರಡೂ ಅಂಗೈಯಲ್ಲಿ ಅದುಮಿದೆ. ಮೇಜಿನ ಮೇಲೆ ಕೂತಲ್ಲೇ ಅಂಕಿ ಜರ್ರನೆ ಇಳಿಯಿತು, ಅರವತ್ತು ಎಪ್ಪತ್ತು ಮೀಟರ್. ಕೈ ಬಿಟ್ಟರೆ ಹತ್ತಿತು. ಆಮೇಲೆ ಗಾಳಿಯ ಒತ್ತಡ ಒಳಗೆ ಮುಟ್ಟುವ ಹಿಂಬದಿಯ ಸೂಜಿರಂಧ್ರಕ್ಕೆ ಮೇಣದ ಚೂರು ಒತ್ತಿ ಮತ್ತೆ ಅದುಮಿದೆ. ಅಂಕಿ ಕದಲಲಿಲ್ಲ. ‘ಮಳೆಯಲ್ಲಿ ಎತ್ತರ ಹೆಪ್ಪುಗಟ್ಟಿತು, ಮರುದಿನ ಸರಿಹೋಯಿತು’ ಎಂಬ ದೂರುಗಳ ಗುಟ್ಟು ಅಲ್ಲಿತ್ತು. ನೀರು ರಂಧ್ರ ಮುಚ್ಚಿದೆ, ಒಣಗಿದೆ, ಅಷ್ಟೇ. ಅಂದಿನಿಂದ ಅವನ್ನು ಅರ್ಧ ತೂಕಕ್ಕೆ ಇಳಿಸಿದೆ.

ಆಗ ಕಲಿತದ್ದು, ರೋಗಿ ಹೇಳುವ ಲಕ್ಷಣ ಕೇಳಬೇಕೇ ಹೊರತು ರೋಗಿ ಹೇಳುವ ಕಾಯಿಲೆಯನ್ನಲ್ಲ. ‘ಬ್ಯಾಟರಿ ಹಾಳು’ ಎಂದು ಬರೆದವರಲ್ಲಿ ಎಷ್ಟೋ ಮಂದಿಗೆ ಹಾಳಾದದ್ದು ಚಾರ್ಜಿಂಗ್ ಪೋರ್ಟ್. ಬೆವರಿನ ಉಪ್ಪು ಅಲ್ಲಿಗೇ ಇಳಿಯುತ್ತದೆ. ‘ಕೇಬಲ್ ಒಂದು ಕೋನದಲ್ಲಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ’ ಎಂಬ ಒಂದು ವಾಕ್ಯ ಸಿಕ್ಕರೆ ಸಾಕು, ಮೇಲೆ ಬರೆದ ಬ್ಯಾಟರಿ ಪುರಾಣವನ್ನೆಲ್ಲ ಬದಿಗಿಡುತ್ತೇನೆ. ನನ್ನ ಎರಡನೆಯ ಕಂಪ್ಯೂಟರನ್ನು ಬಿಚ್ಚಿಸಿದಾಗಲೂ ಒಳಗೆ ಕಂಡದ್ದು ಹಸಿರು ಕಿಲುಬು.

ಮೂರನೆಯ ಸಲ ಸೋತದ್ದನ್ನೂ ಹೇಳಬೇಕು, ಏಕೆಂದರೆ ಗೆದ್ದದ್ದು ಅದರಿಂದಲೇ. ಗುಂಪಿನ ಒಬ್ಬರು ಕೊಳ್ಳಲು ಹೊರಟ ಮಾದರಿಯ ಬಗ್ಗೆ ‘ಬೇಡವೇ ಬೇಡ’ ಎಂದೆ. ಭಾಗಾಕಾರ ಮಾಡಿದರೂ ದೂರು ರಾಶಿ ಬಿದ್ದಿತ್ತು. ಅವರು ನನ್ನ ಮಾತು ಕೇಳದೆ ಕೊಂಡರು. ಒಂದೂವರೆ ವರ್ಷ ಅದು ಗಡಿಯಾರದಂತೆ ನಡೆಯಿತು. ಪ್ರತಿ ಭಾನುವಾರ ಅವರು ಅದನ್ನು ನನ್ನ ಮೂಗಿನ ಕೆಳಗೆ ಹಿಡಿದು ‘ಜೋಯಿಸರೇ, ಇನ್ನೂ ಜೀವ ಇದೆ’ ಎನ್ನುತ್ತಿದ್ದರು. ಅವಮಾನ ತಾಳಲಾರದೆ ಹಳೆಯ ಸ್ಪ್ರೆಡ್‌ಶೀಟ್ ತೆಗೆದು ಕೂತೆ. ದೂರುಗಳನ್ನು ದಿನಾಂಕದ ಪ್ರಕಾರ ಜೋಡಿಸಿದಾಗ ಮುಖಕ್ಕೆ ರಾಚಿತು: ಅವುಗಳಲ್ಲಿ ಹೆಚ್ಚಿನವು ಒಂದೇ ಮೂರು ವಾರದ್ದು. ಕಂಪ್ಯೂಟರನ್ನು ನಡೆಸುವ ಒಳಗಿನ ತಂತ್ರಾಂಶದ (ಫರ್ಮ್‌ವೇರ್) ಕೆಟ್ಟ ಆವೃತ್ತಿಯೊಂದು ಬಂದಿತ್ತು, ಸರಿಪಡಿಸಿದ್ದರು, ಮುಗಿದಿತ್ತು.

ಅಂದಿನಿಂದ ಪ್ರತಿ ದೂರಿಗೂ ಎರಡು ತಾರೀಖು ಬರೆಯುತ್ತೇನೆ. ಒಂದು ಗೋಡೆಯ ಕ್ಯಾಲೆಂಡರಿನದು, ಇನ್ನೊಂದು ಆ ಕಂಪ್ಯೂಟರಿನ ವಯಸ್ಸು. ದೂರುಗಳು ಕ್ಯಾಲೆಂಡರಿನ ಒಂದು ಕಡೆ ಗುಡ್ಡೆ ಬಿದ್ದರೆ ಅದು ಸಾಫ್ಟ್‌ವೇರಿನದೋ ಸರ್ವರಿನದೋ ತಪ್ಪು. ವಯಸ್ಸಿನ ಒಂದು ಕಡೆ ಗುಡ್ಡೆ ಬಿದ್ದರೆ ಅದು ಒಡಲಿನ ತಪ್ಪು. ನನಗೆ ಬೇಕಾದದ್ದು ಅದು. 2020ರ ಜುಲೈಯಲ್ಲಿ, ಸೈಕಲ್ ಕಂಪ್ಯೂಟರ್ ಮಾಡುವ ಗಾರ್ಮಿನ್ ಕಂಪನಿಯ ಸರ್ವರ್‌ಗಳಿಗೆ ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ) ದಾಳಿಯಾಗಿ ದಿನಗಟ್ಟಲೆ ಸವಾರಿಗಳ ದಾಖಲೆಗಳು ಅಪ್‌ಲೋಡ್ ಆಗದೆ ನಿಂತವು. ಆ ವಾರದ ಗೋಳನ್ನು ಕಂಪ್ಯೂಟರಿನ ತಲೆಗೆ ಕಟ್ಟುವುದು ಅನ್ಯಾಯ. 2022ರಲ್ಲಿ ಹ್ಯಾಮರ್‌ಹೆಡ್ ಎಂಬ ಸೈಕಲ್ ಕಂಪ್ಯೂಟರ್ ಕಂಪನಿ, ಗೇರು ತಯಾರಿಸುವ ಸ್ರ್ಯಾಮ್ ಪಾಲಾಯಿತು. ಅದೇ ವರ್ಷ ಅದರ ಕಂಪ್ಯೂಟರ್‌ಗಳಿಂದ ಸ್ರ್ಯಾಮ್‌ನ ಪ್ರತಿಸ್ಪರ್ಧಿ ಶಿಮಾನೊದ ಡಿಐ2 ಎಂಬ ಎಲೆಕ್ಟ್ರಾನಿಕ್ ಗೇರಿನ ಮಾಹಿತಿ ಮಾಯವಾಯಿತು. ಬಳಕೆದಾರರ ಸಿಟ್ಟು ನ್ಯಾಯವಾದದ್ದೇ, ಆದರೆ ಅದು ಎರಡು ದೊಡ್ಡವರ ಜಗಳ. ಒಂದು ತಿರುಪೂ ಸಡಿಲವಾಗಿರಲಿಲ್ಲ.

ವಯಸ್ಸು ಪತ್ತೆ ಮಾಡುವುದೇ ಕಷ್ಟದ ಕೆಲಸ. ಯಾರೂ ‘ಇದಕ್ಕೆ 14 ತಿಂಗಳು’ ಎಂದು ಬರೆಯುವುದಿಲ್ಲ. ‘ಹೋದ ಬೇಸಿಗೆಗೆ ಮುಂಚೆ’, ‘ನನ್ನ ಹುಟ್ಟುಹಬ್ಬಕ್ಕೆ’, ‘ಮೊದಲ 600 ಕಿಲೋಮೀಟರ್ ಬ್ರೆವೆಗೆಂದು ಕೊಂಡದ್ದು’ ಎನ್ನುತ್ತಾರೆ. ಅದೇ ವ್ಯಕ್ತಿಯ ಹಳೆಯ ಪೆದ್ದು ಪ್ರಶ್ನೆ ಹುಡುಕಿ ತೆಗೆದರೆ ಕೊಂಡ ತಿಂಗಳು ಸಿಗುತ್ತದೆ. ಇದರಲ್ಲಿ ಕಳೆದ ರಾತ್ರಿಗಳಿಗೆ ಲೆಕ್ಕವಿಲ್ಲ. ಹೀಗೆ ಮಾಡಿದಾಗ ಬಹುತೇಕ ಎಲ್ಲ ಮಾದರಿಗೂ 13ನೆಯ ತಿಂಗಳಲ್ಲಿ ಒಂದು ಗುಡ್ಡೆ ಎದ್ದಿತು. ಮೊದಲು ಬೆಚ್ಚಿಬಿದ್ದೆ. ಆಮೇಲೆ ತಿಳಿಯಿತು: 11ನೆಯ ತಿಂಗಳಲ್ಲಿ ಕಂಪ್ಯೂಟರ್ ಸತ್ತವನಿಗೆ ವಾರಂಟಿಯಲ್ಲಿ ಬದಲಿ ಸಿಗುತ್ತದೆ, ಅವನು ಸುಮ್ಮನಾಗುತ್ತಾನೆ. 13ರಲ್ಲಿ ಕಂಪ್ಯೂಟರ್ ಸತ್ತವನು ಊರಿಗೆಲ್ಲ ಕೇಳುವಂತೆ ಕೂಗುತ್ತಾನೆ. ಯುರೋಪಿನ ಒಕ್ಕೂಟದಲ್ಲಿ ಕಾನೂನಿನ ಖಾತರಿ ಕನಿಷ್ಠ ಎರಡು ವರ್ಷ. ಅಲ್ಲಿನವರ ದೂರುಗಳನ್ನು ಬೇರೆ ತೆಗೆದು ನೋಡಿದರೆ ಅದೇ ಮಾದರಿಯ ಗುಡ್ಡೆ 25ರ ಹತ್ತಿರಕ್ಕೆ ಸರಿದಿತ್ತು. ಅಂದರೆ ಆ ಗುಡ್ಡೆಯಲ್ಲಿ ಸಾವಿಗಿಂತ ಸಂಕಟವೇ ಹೆಚ್ಚು. ಎಷ್ಟು ಹೆಚ್ಚು ಎಂದು ಕಳೆಯಲು ನನ್ನದೇ ಒಂದು ಲೆಕ್ಕ ಇದೆ, ಅದು ನನ್ನ ಹತ್ತಿರವೇ ಇರಲಿ.

ಹೇಳಬಹುದಾದ ಒಂದು ಗುಟ್ಟು: ‘ಇದು ಮೂರನೆಯ ಬದಲಿ, ಇದೂ ಹಾಗೆಯೇ ಹೋಯಿತು’ ಎಂಬ ಸಾಲು. ಒಬ್ಬನೇ ಮನುಷ್ಯ, ಮೂರು ಕಂಪ್ಯೂಟರ್, ಒಂದೇ ರೀತಿಯ ಸಾವು. ಇಂಥ ಒಂದು ದೂರು ಬಿಡಿ ದೂರು ಹತ್ತಕ್ಕೆ ಸಮ. ಅಂಥವು ನಾಲ್ಕು ಸಿಕ್ಕಿದ ಮಾದರಿಯನ್ನು ನಾನು ಪುಕ್ಕಟೆ ಕೊಟ್ಟರೂ ಮುಟ್ಟುವುದಿಲ್ಲ.

ನಡುವೆ ಅಡ್ಡದಾರಿಗಳಿಗೂ ಹೋದೆ. ಎರಡು ಸಾವಿರದಷ್ಟು ದೂರುಗಳನ್ನು ಬುಟ್ಟಿಗೆ ಹಾಕುವ ಕೆಲಸವನ್ನು ಒಂದು ಪ್ರೋಗ್ರಾಮಿಗೆ ಒಪ್ಪಿಸಿದೆ. ‘ಇದನ್ನು ಕೊಂಡ ಮೇಲೆ ಬ್ಯಾಟರಿಯ ಚಿಂತೆಯೇ ಸತ್ತುಹೋಯಿತು’ ಎಂದು ಹೊಗಳಿದವರನ್ನು ಅದು ಸತ್ತವರ ಬುಟ್ಟಿಗೆ ಹಾಕಿತು. ಮತ್ತೆ ಕೈಯಿಂದಲೇ ಮಾಡಿದೆ. ಬಳಸಿದ ಕಂಪ್ಯೂಟರ್ ಮಾರುವವರ ಜಾಹೀರಾತುಗಳಲ್ಲಿ ‘ಬಿಡಿಭಾಗಕ್ಕೆ ಮಾತ್ರ’ ಎಂದವು ಎಷ್ಟು, ನಡೆಯುತ್ತಿರುವವು ಎಷ್ಟು ಎಂದು ಎಣಿಸಿದ್ದು ಮಾತ್ರ ಫಲ ಕೊಟ್ಟಿತು. ಏಳು ಮಾದರಿಗಳಲ್ಲಿ ಐದರ ಸ್ಥಾನ ನನ್ನ ಪಟ್ಟಿಗೇ ಹೊಂದಿತು.

ಇನ್ನೊಂದು, ನೀರಿನದು. ಐಪಿಎಕ್ಸ್7 ಎಂಬ ನೀರು ತಡೆಯುವ ದರ್ಜೆ ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಎಂದು ನಮಗೆಲ್ಲ ಗೊತ್ತು. ಹಾಗಿದ್ದರೆ ಮಳೆಗೇ ಏಕೆ ಇಷ್ಟು ಸಾವು? ದೂರುಗಳಲ್ಲಿ ‘ಬಿಸಿಲಿತ್ತು, ಇದ್ದಕ್ಕಿದ್ದಂತೆ ಮಳೆ’ ಎಂಬ ಮಾತು ಪದೇ ಪದೇ ಬರುತ್ತಿತ್ತು. ಮಾರಿದರೂ ಏನೂ ಹುಟ್ಟದ ಹಳೆಯದೊಂದನ್ನು ಎರಡು ಗಂಟೆ ಬಿಸಿಲಿಗಿಟ್ಟು, ಕೈಗೆ ಸುಡುವಂತಿದ್ದಾಗಲೇ ತಣ್ಣೀರಿನ ಬಕೆಟಿಗೆ ಇಳಿಸಿದೆ. ‘ಅಪ್ಪಾ, ಅದನ್ನು ಏಕೆ ಮುಳುಗಿಸುತ್ತಿದ್ದೀರಿ?’ ಎಂದ ಮಗನಿಗೆ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಮೊದಲ ಸಲ ಏನೂ ಆಗಲಿಲ್ಲ, ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ರಬ್ಬರ್ ಮುಚ್ಚಳದ ಅಂಚಿನಿಂದ ಎರಡು ಗುಳ್ಳೆ ಬಂದವು, ಗಾಜಿನ ಒಳಮೂಲೆಯಲ್ಲಿ ಉಗುರಿನಷ್ಟು ಮಂಜು ಕೂತಿತು. ಒಳಗಿನ ಬಿಸಿ ಗಾಳಿ ತಣ್ಣಗಾಗಿ ಕುಗ್ಗಿದಾಗ ಸೀಲು ಕೊಂಚ ಸಡಿಲವಿದ್ದರೂ ನೀರನ್ನು ಹೀರಿಕೊಳ್ಳುತ್ತದೆ. ‘ಮಂಜು’ ಎಂಬ ಪದ ಇರುವ ದೂರುಗಳಿಗೆ ಆಮೇಲೆ ತೂಕ ಹೆಚ್ಚಿಸಿದೆ. ಎಷ್ಟೋ ಸಲ ಸಾವಿಗೆ ಎರಡು ಮೂರು ತಿಂಗಳು ಮೊದಲು ಬರುವ ಲಕ್ಷಣ ಅದು.

ಇಷ್ಟಾದರೂ ಗುಂಪು ನಂಬಲಿಲ್ಲ. ಸರಿ, ಏಳು ಮಾದರಿಗಳ ಪಟ್ಟಿಯನ್ನು ಒಳ್ಳೆಯದರಿಂದ ಕೆಟ್ಟದ್ದಕ್ಕೆ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಅತಿ ಹೆಚ್ಚು ನಗುತ್ತಿದ್ದವರ ಕೈಗೇ ಕೊಟ್ಟೆ. ‘ಎರಡು ವರ್ಷ ಬಿಟ್ಟು ಒಡೆಯಿರಿ’ ಎಂದೆ. ಆಗ ನಮ್ಮಲ್ಲಿ ಒಟ್ಟು 23 ಕಂಪ್ಯೂಟರ್ ಇದ್ದವು ಎಂದು ನೆನಪು. ಎರಡು ವರ್ಷದಲ್ಲಿ ಒಂಬತ್ತು ಹೋದವು. ಅದರಲ್ಲಿ ಏಳು ನನ್ನ ಪಟ್ಟಿಯ ಕೊನೆಯ ಮೂರು ಮಾದರಿಗಳದ್ದು. ಲಕೋಟೆ ಒಡೆದವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅವರದೇ ಆ ಏಳರಲ್ಲಿ ಎರಡು. ಈಚೆಗೆ ಗುಂಪಿಗೆ ಒಟ್ಟಿಗೆ ಹನ್ನೊಂದು ಕೊಂಡಾಗ ಮಾದರಿ ಆರಿಸಿದ್ದು ನಾನೇ.

ಒಂದು ಕಡೆ ಮುಗ್ಗರಿಸಿದ್ದನ್ನೂ ಮುಚ್ಚಿಡುವುದಿಲ್ಲ. ನಾನು ಮೊದಲ ಸ್ಥಾನ ಕೊಟ್ಟದ್ದರಲ್ಲೇ ಒಂದು ಹೋಯಿತು. ಬಿದ್ದಾಗ ಹಿಂಬದಿಯ ಕೊಕ್ಕೆ ಮುರಿದು ಮೌಂಟಿಗೆ ಕೂರದಾಯಿತು. ಬಿದ್ದು ಮುರಿದದ್ದು ಸವಾರನ ತಪ್ಪು ಎಂದು ಅಂಥ ದೂರುಗಳನ್ನೆಲ್ಲ ಮುನಿಸಿನ ಬುಟ್ಟಿಗೆ ಎಸೆದಿದ್ದೆ. ಕೆಲವು ಕಂಪನಿಗಳು ಆ ಕೊಕ್ಕೆಯ ಭಾಗವನ್ನು ಬಿಚ್ಚಿ ಬದಲಿಸುವಂತೆ ಮಾಡಿರುತ್ತವೆ, ಕೆಲವು ಇಡೀ ಕವಚಕ್ಕೇ ಅಚ್ಚು ಹಾಕಿಬಿಡುತ್ತವೆ. ಅಷ್ಟು ಚಿಕ್ಕ ಪ್ಲಾಸ್ಟಿಕ್ಕಿಗೆ ಇಡೀ ಕಂಪ್ಯೂಟರಿನ ದುಡ್ಡು ಹೋಯಿತು. ಈಗ ಕೊಕ್ಕೆಗೆ ಐದನೆಯ ಬುಟ್ಟಿ ಇದೆ.

ನನ್ನ ಈಗಿನ ಕಂಪ್ಯೂಟರಿಗೆ 29 ತಿಂಗಳು. ಎರಡು 600 ಮುಗಿಸಿದೆ, ಒಂದರಲ್ಲಿ 40 ಗಂಟೆಯ ಗಡುವಿನ ಮುಕ್ಕಾಲು ಪಾಲು ಮಳೆಯೇ. ದೂರುಗಳ ಪ್ರಕಾರ ಈ ಮಾದರಿಯಲ್ಲಿ ಮೊದಲು ಹೋಗುವುದು ಕೆಳಗಿನ ಎಡಗಡೆಯ ಗುಂಡಿ, ಎರಡೂವರೆ ವರ್ಷದ ಸುಮಾರಿಗೆ. ಕಳೆದ ವಾರದಿಂದ ಅದನ್ನು ಎರಡು ಸಲ ಒತ್ತಬೇಕಾಗುತ್ತಿದೆ.