ತಂತ್ರಾಂಶದ ಕೈಪಿಡಿಯಿಂದ ಹಳೆಯ ಆವೃತ್ತಿಗಳ ಉಲ್ಲೇಖ ತೆಗೆಯುವುದು ಹೇಗೆ?

‘ಈ ಸೌಲಭ್ಯ ಪೈಥಾನ್ 3.6 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಮಾತ್ರ ಸಿಗುತ್ತದೆ’ ಎಂಬಂತಹ ಸಾಲು ಕೈಪಿಡಿಗೆ ಸೇರಿದ ಹೊತ್ತಿನಲ್ಲಿ ಅದಕ್ಕೊಂದು ಕೆಲಸವಿತ್ತು. ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನ 3.5 ಬಳಸುತ್ತಿದ್ದವರು ಅದನ್ನು ಓದಿ ಬೇರೆ ದಾರಿ ನೋಡಿಕೊಳ್ಳುತ್ತಿದ್ದರು. ಆದರೆ ಆ ತಂತ್ರಾಂಶವೇ ಈಗ ಪೈಥಾನ್ 3.10ಕ್ಕಿಂತ ಹಳೆಯದರ ಮೇಲೆ ಇನ್‌ಸ್ಟಾಲ್ ಆಗುವುದಿಲ್ಲ ಎಂದಾದರೆ ಆ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ಉಪಯೋಗವಿಲ್ಲದಿರುವುದಷ್ಟೇ ಅಲ್ಲ, ಅದರಿಂದ ತೊಂದರೆಯೂ ಇದೆ. ಹೊಸದಾಗಿ ಕಲಿಯಲು ಬಂದವರು 3.6 ಇದ್ದರೆ ಸಾಕೆಂದು ತಿಳಿಯುತ್ತಾರೆ. ಒಂದೇ ಪುಟದಲ್ಲಿ ಇಂತಹ ನಾಲ್ಕೈದು ಸಾಲು ಕಂಡವರು ಇಡೀ ಪುಟವೇ ಹಳೆಯದಿರಬೇಕೆಂದು ಶಂಕಿಸಿ, ಸರಿಯಾಗಿರುವ ಭಾಗವನ್ನೂ ನಂಬದೆ ಹೋಗುತ್ತಾರೆ. ಇವನ್ನು ತೆಗೆಯುವುದು ಸಣ್ಣ ಕೆಲಸದಂತೆ ಕಂಡರೂ ಅವಸರದಲ್ಲಿ ಮಾಡಿದರೆ ಬೇಕಾದ ಮಾಹಿತಿಯೂ ಜೊತೆಗೇ ಅಳಿಸಿಹೋಗುತ್ತದೆ. ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಟ್ಟು, ಕೈಪಿಡಿಯ ಪುಟಗಳನ್ನು ಕಟ್ಟುವ ಸ್ಫಿಂಕ್ಸ್‌ನಲ್ಲಿ ಸಿದ್ಧಪಡಿಸುವ ಒಂದು ಪೈಥಾನ್ ಲೈಬ್ರರಿಯ (ಬೇರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್‌ನ ಸಂಗ್ರಹದ) ಕೈಪಿಡಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದರ ಕ್ರಮವನ್ನು ನೋಡೋಣ.

ಮೊದಲು ಗೆರೆ ಎಳೆಯಿರಿ

ಯಾವ ಆವೃತ್ತಿಯವರೆಗಿನ ಉಲ್ಲೇಖ ಹಳೆಯದು ಎಂಬುದನ್ನು ಅಂದಾಜಿನಿಂದ ತೀರ್ಮಾನಿಸಬಾರದು. ಲೈಬ್ರರಿಯ ವಿವರಗಳಿರುವ ಪೈಪ್ರಾಜೆಕ್ಟ್ ಕಡತದಲ್ಲಿ ‘ರಿಕ್ವೈರ್ಸ್-ಪೈಥಾನ್’ ಎಂಬ ಸಾಲು ಇರುತ್ತದೆ. ಅಲ್ಲಿ ಬರೆದಿರುವ ಕನಿಷ್ಠ ಆವೃತ್ತಿಯೇ ನಿಮ್ಮ ಗೆರೆ. 3.9ರಿಂದೀಚೆಗೆ ಪೈಥಾನ್‌ನ ಹೊಸ ಆವೃತ್ತಿ ವರ್ಷಕ್ಕೊಂದರಂತೆ ಅಕ್ಟೋಬರ್‌ನಲ್ಲಿ ಬರುತ್ತಿದ್ದು, ಪ್ರತಿಯೊಂದಕ್ಕೂ ಸುಮಾರು 5 ವರ್ಷಗಳ ಬೆಂಬಲ ಇರುತ್ತದೆ. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೂ 3.9ರ ಬೆಂಬಲ 2025ರ ಅಕ್ಟೋಬರ್‌ನಲ್ಲಿಯೂ ಕೊನೆಗೊಂಡವು. ಹಾಗಾಗಿ ಈ ಲೇಖನದ ಮಟ್ಟಿಗೆ 3.10 ಅನ್ನು ಗೆರೆಯೆಂದು ಇಟ್ಟುಕೊಳ್ಳೋಣ.

ಲೈಬ್ರರಿಯ ಸ್ವಂತ ಆವೃತ್ತಿಗಳಿಗೆ ಇನ್ನೊಂದು ಗೆರೆ ಬೇಕಾಗುತ್ತದೆ. ಪೈಥಾನ್‌ನಲ್ಲಿ ಜಾಲತಾಣ ಕಟ್ಟಲು ಬಳಸುವ ಜಾಂಗೋದ ತಂಡದವರು ಇದಕ್ಕೊಂದು ಸ್ಪಷ್ಟ ನಿಯಮ ಮಾಡಿಕೊಂಡಿದ್ದಾರೆ: ಎರಡು ಬಿಡುಗಡೆಗಳಷ್ಟು ಹಿಂದಿನ ಟಿಪ್ಪಣಿಗಳನ್ನು ತೆಗೆಯುತ್ತಾರೆ, ಅಂದರೆ 4.2ರ ಕೈಪಿಡಿಯಲ್ಲಿ ‘4.0ರಲ್ಲಿ ಹೊಸದು’ ಎಂಬ ಟಿಪ್ಪಣಿ ಉಳಿಯುವುದಿಲ್ಲ. ಈ ನಿಯಮ ನಡೆಯುವುದು ಅಲ್ಲಿ ಪ್ರತಿ ಆವೃತ್ತಿಗೂ ಅದರದೇ ಕೈಪಿಡಿ ಜಾಲತಾಣದಲ್ಲಿ ಇರುವುದರಿಂದ. ಹಳೆಯ ಆವೃತ್ತಿ ಬಳಸುವವರು ಅದರ ಕೈಪಿಡಿಯನ್ನೇ ತೆರೆದು ನೋಡಬಹುದು. ನಿಮ್ಮಲ್ಲಿ ಎಲ್ಲರಿಗೂ ಒಂದೇ ಕೈಪಿಡಿ ಇದ್ದರೆ, ತೆಗೆಯುವ ಮೊದಲು ಈಗಿನ ಸ್ಥಿತಿಗೆ ಗಿಟ್‌ನಲ್ಲಿ ಒಂದು ಟ್ಯಾಗ್ (ಗುರುತಿನ ಹೆಸರು) ಹಾಕಿ, ಆ ಪ್ರತಿಯನ್ನು ಪ್ರತ್ಯೇಕ ವಿಳಾಸದಲ್ಲಿ ಉಳಿಸಿಕೊಳ್ಳಬೇಕು. ಹಳೆಯ ಬಳಕೆದಾರರಿಗೂ ಓದಲು ಒಂದು ಜಾಗ ಇರಬೇಕಾದದ್ದು ನ್ಯಾಯ. ಈ ಹಂತವನ್ನು ಯಾವ ಕಾರಣಕ್ಕೂ ಬಿಡಬಾರದು.

ಹುಡುಕುವಾಗ ಚುಕ್ಕಿಯ ಮೇಲೆ ಕಣ್ಣಿರಲಿ

‘ಗಿಟ್ ಗ್ರೆಪ್’ ಆಜ್ಞೆ ಕೈಪಿಡಿಯ ಎಲ್ಲ ಕಡತಗಳಲ್ಲಿ ಹುಡುಕಿ, ಸಣ್ಣ ‘ಎನ್’ ಆಯ್ಕೆ ಕೊಟ್ಟರೆ ಸಾಲಿನ ಸಂಖ್ಯೆಯೊಂದಿಗೆ ಫಲಿತಾಂಶ ಕೊಡುತ್ತದೆ. ಇಲ್ಲಿ ಎಡವುವವರು ಹೆಚ್ಚು. ‘3.1’ ಎಂದಷ್ಟೇ ಕೊಟ್ಟು ಹುಡುಕಿದರೆ 3.10, 3.11, 3.12 ಎಲ್ಲವೂ ಬರುತ್ತವೆ. ಅದರ ಮೇಲೆ, ಹುಡುಕಾಟದ ಭಾಷೆಯಲ್ಲಿ ಚುಕ್ಕಿಗೆ ‘ಯಾವುದಾದರೂ ಒಂದು ಅಕ್ಷರ’ ಎಂಬ ಅರ್ಥ ಇರುವುದರಿಂದ 391 ಎಂಬ ಸಂಖ್ಯೆಯೂ ಪಟ್ಟಿಗೆ ಸೇರುತ್ತದೆ. ದೊಡ್ಡ ‘ಎಫ್’ ಆಯ್ಕೆ ಕೊಟ್ಟರೆ ಚುಕ್ಕಿಯನ್ನು ಚುಕ್ಕಿಯೆಂದೇ ಓದುತ್ತದೆ. ಸಣ್ಣ ‘ಡಬ್ಲ್ಯು’ ಆಯ್ಕೆಯನ್ನೂ ಸೇರಿಸಿದರೆ 3.10 ಹೊರಗುಳಿಯುತ್ತದೆ, 3.1.4ರಂತಹವು ಮಾತ್ರ ಆಗಲೂ ಕಾಣಿಸಿಕೊಳ್ಳುತ್ತವೆ.

ಸ್ಫಿಂಕ್ಸ್‌ನಲ್ಲಿ ‘ವರ್ಷನ್‌ಆಡೆಡ್’, ‘ವರ್ಷನ್‌ಚೇಂಜ್ಡ್’, ‘ಡೆಪ್ರಿಕೇಟೆಡ್’ (ಮುಂದೆ ಕೈಬಿಡಲಿರುವುದು) ಎಂಬ ನಿರ್ದೇಶಗಳಿರುವುದರಿಂದ ಕ್ರಮಬದ್ಧವಾಗಿ ಬರೆದ ಟಿಪ್ಪಣಿಗಳು ಬೇಗ ಸಿಗುತ್ತವೆ. ಕಷ್ಟವಿರುವುದು ಸಂಖ್ಯೆಯೇ ಇಲ್ಲದ ಉಲ್ಲೇಖಗಳಲ್ಲಿ. ‘ರೀಸೆಂಟ್ಲಿ’, ‘ಕರೆಂಟ್ಲಿ’, ‘ನೋ ಲಾಂಗರ್’ ಮುಂತಾದ ಪದಗಳನ್ನು ಬೇರೆಯಾಗಿಯೇ ಹುಡುಕಬೇಕು. ಕೋಡ್‌ನೊಳಗಿನ ವಿವರಣೆಗಳಾದ ಡಾಕ್‌ಸ್ಟ್ರಿಂಗ್‌ಗಳು, ರೀಡ್‌ಮಿ ಕಡತ, ಮಾದರಿ ಡಾಕರ್ ಕಡತ ಇವುಗಳನ್ನೂ ನೋಡಬೇಕು. ಸ್ಕ್ರೀನ್‌ಶಾಟ್‌ಗಳ ಮೂಲೆಯಲ್ಲಿ ಕಾಣುವ ಆವೃತ್ತಿ ಸಂಖ್ಯೆ ಯಾವ ಹುಡುಕಾಟಕ್ಕೂ ಸಿಗುವುದಿಲ್ಲವಾದ್ದರಿಂದ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡುವುದು ಅನಿವಾರ್ಯ.

ಮುಟ್ಟಬಾರದವು

ಬಿಡುಗಡೆ ಟಿಪ್ಪಣಿಗಳು ಮತ್ತು ಹಳೆಯದರಿಂದ ಹೊಸ ಆವೃತ್ತಿಗೆ ಬರುವ ಮಾರ್ಗದರ್ಶಿಗಳು ಇತಿಹಾಸದ ದಾಖಲೆಗಳು. ಅವುಗಳಲ್ಲಿನ ಸಂಖ್ಯೆಗಳು ಹಾಗೆಯೇ ಇರಬೇಕು. ಭದ್ರತೆಯ ಸೂಚನೆಗಳೂ ಅಷ್ಟೇ. 2021ರ ಡಿಸೆಂಬರ್‌ನಲ್ಲಿ ಜಾವಾ ಪ್ರೋಗ್ರಾಂಗಳ ಲಾಗ್ ಬರೆಯುವ ಲಾಗ್‌ಫೋರ್‌ಜೆ ಲೈಬ್ರರಿಯ ದೋಷ ಬಯಲಾದಾಗ 2.15.0ರಿಂದ 2.17.1ರವರೆಗೆ ಒಂದರ ಹಿಂದೊಂದು ತಿದ್ದುಪಡಿಗಳು ಬಂದವು. ಯಾವ ತಿದ್ದುಪಡಿಯಲ್ಲಿ ಏನು ಸರಿಹೋಯಿತು ಎಂಬುದು ಇಂದಿಗೂ ಹಳೆಯ ಸರ್ವರ್ ನೋಡಿಕೊಳ್ಳುವವರಿಗೆ ಬೇಕಾದ ಮಾಹಿತಿ. ಇನ್ನು ಎಚ್‌ಟಿಟಿಪಿ 1.1, ಟಿಎಲ್‌ಎಸ್ 1.2, ಎಕ್ಸ್‌ಎಂಎಲ್ ಕಡತದ ತಲೆಯಲ್ಲಿನ 1.0, ಐಪಿ ವಿಳಾಸಗಳು ಇವೆಲ್ಲ ನೋಡಲು ಆವೃತ್ತಿಯ ಉಲ್ಲೇಖದಂತೆಯೇ ಇದ್ದರೂ ನಿಮ್ಮ ಗೆರೆಗೂ ಅವುಗಳಿಗೂ ಸಂಬಂಧವಿಲ್ಲ. ‘ಎಲ್ಲವನ್ನೂ ಒಮ್ಮೆಲೇ ಬದಲಿಸು’ ಎಂಬ ಗುಂಡಿಯನ್ನು ಈ ಕೆಲಸದಲ್ಲಿ ಒತ್ತಲೇಬಾರದು ಎನ್ನುವುದು ಇದಕ್ಕಾಗಿಯೇ.

ಸಂಖ್ಯೆ ಹೋಗಲಿ, ಮಾಹಿತಿ ಉಳಿಯಲಿ

ಹೆಚ್ಚು ಗಮನ ಬೇಡುವ ಹಂತ ಇದು. ಕೈಪಿಡಿಯಲ್ಲಿ ಹೀಗೊಂದು ವಾಕ್ಯ ಇದೆಯೆಂದುಕೊಳ್ಳಿ: ‘ಪೈಥಾನ್ 3.7ರಿಂದ ಡಿಕ್ಷನರಿಯು ಅಂಶಗಳನ್ನು ಸೇರಿಸಿದ ಕ್ರಮದಲ್ಲಿಯೇ ಇಟ್ಟುಕೊಳ್ಳುತ್ತದೆ. ಅದಕ್ಕಿಂತ ಹಳೆಯದರಲ್ಲಿ ಆರ್ಡರ್ಡ್‌ಡಿಕ್ಟ್ ಬಳಸಿ.’ ಡಿಕ್ಷನರಿ ಎಂದರೆ ಇಲ್ಲಿ ಹೆಸರು-ಮೌಲ್ಯಗಳ ಜೋಡಿಗಳ ಸಂಗ್ರಹ, ಆರ್ಡರ್ಡ್‌ಡಿಕ್ಟ್ ಅದರ ಕ್ರಮ ಉಳಿಸುವ ರೂಪ. 3.7 ಗೆರೆಯಿಂದ ಕೆಳಗಿದೆಯೆಂದು ಇಡೀ ವಾಕ್ಯವನ್ನು ಅಳಿಸಿದರೆ, ಕ್ರಮ ಉಳಿಯುತ್ತದೆ ಎಂಬ ಮುಖ್ಯ ಮಾತೇ ಹೋಗುತ್ತದೆ. ‘ಡಿಕ್ಷನರಿಯು ಅಂಶಗಳನ್ನು ಸೇರಿಸಿದ ಕ್ರಮದಲ್ಲಿಯೇ ಇಟ್ಟುಕೊಳ್ಳುತ್ತದೆ’ ಎಂಬಷ್ಟನ್ನು ಉಳಿಸಬೇಕು. ಆರ್ಡರ್ಡ್‌ಡಿಕ್ಟ್‌ನ ಮಾತನ್ನು ತೆಗೆಯುವ ಮೊದಲೂ ಕೆಳಗಿನ ಮಾದರಿ ಕೋಡನ್ನು ಓದಬೇಕು. ಹೋಲಿಕೆ ಮಾಡುವಾಗ ಕ್ರಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಗುಣ ಆರ್ಡರ್ಡ್‌ಡಿಕ್ಟ್‌ಗಿದೆ, ಸಾಮಾನ್ಯ ಡಿಕ್ಷನರಿಗಿಲ್ಲ. ಮಾದರಿಯು ಆ ಗುಣವನ್ನು ನೆಚ್ಚಿಕೊಂಡಿದ್ದರೆ ಅದು ಅಲ್ಲಿಯೇ ಇರಬೇಕು.

ಮಾದರಿ ಕೋಡ್‌ನಲ್ಲಿ ‘ಮೊದಲು ಇದನ್ನು ಇಂಪೋರ್ಟ್ ಮಾಡಿ ನೋಡು, ಸಿಗದಿದ್ದರೆ ಅದನ್ನು ತೆಗೆದುಕೊ’ ಎಂಬ ಕವಲುಗಳು ಸಾಮಾನ್ಯ (ಇಂಪೋರ್ಟ್ ಎಂದರೆ ಬೇರೆಡೆ ಇರುವ ಕೋಡನ್ನು ಒಳಕ್ಕೆ ತರುವುದು). ಕಾಲವಲಯಗಳಿಗಾಗಿ ಇರುವ ಝೋನ್‌ಇನ್ಫೋ ಪೈಥಾನ್‌ನೊಳಗೆ ಸೇರಿದ್ದು 3.9ರಲ್ಲಿ, ಗೆರೆ 3.10 ಆಗಿರುವುದರಿಂದ ಅದರ ಬದಲಿ ದಾರಿಯನ್ನು ಧೈರ್ಯವಾಗಿ ತೆಗೆದು, ಒಂದೇ ಇಂಪೋರ್ಟ್ ಸಾಲು ಉಳಿಸಬಹುದು. ಸೆಟ್ಟಿಂಗ್‌ಗಳನ್ನು ಬರೆದಿಡುವ ಟಾಮ್ಲ್ ಕಡತ ಓದುವ ಟಾಮ್ಲ್‌ಲಿಬ್ ಸೇರಿದ್ದು 3.11ರಲ್ಲಿ. ಅದರ ಕವಲು ನೋಡಲು ಹಾಗೆಯೇ ಇದ್ದರೂ 3.10 ಬಳಸುವವರಿಗೆ ಇನ್ನೂ ಬೇಕು. ಪಕ್ಕಪಕ್ಕದಲ್ಲಿರುವ ಎರಡು ಕವಲುಗಳಲ್ಲಿ ಒಂದು ಹೋಗಿ ಇನ್ನೊಂದು ಉಳಿಯುವುದನ್ನು ಗೆರೆಯಿಂದ ಮಾತ್ರ ತೀರ್ಮಾನಿಸಲು ಸಾಧ್ಯ.

‘ಡೆಪ್ರಿಕೇಟೆಡ್’ ಟಿಪ್ಪಣಿಗಳ ಪ್ರಶ್ನೆ ಬೇರೆ. ಅವು ಮುಂದೆ ಆಗಲಿರುವುದನ್ನು ಹೇಳುತ್ತವೆ, ಹೇಳಿದಂತೆ ಆಗಿದೆಯೇ ಎಂದು ನೋಡಬೇಕು. ಲೈಬ್ರರಿಗಳನ್ನು ಪ್ಯಾಕೇಜ್ ಮಾಡಲು ಬಳಸುತ್ತಿದ್ದ ಡಿಸ್ಟ್‌ಯುಟಿಲ್ಸ್ ಅನ್ನು 3.10ರಲ್ಲಿ ಡೆಪ್ರಿಕೇಟ್ ಮಾಡಿ, 3.12ರಲ್ಲಿ ಪೂರ್ತಿ ತೆಗೆದುಹಾಕಲಾಯಿತು. ‘ಮುಂದೊಂದು ದಿನ ಇದು ಇರುವುದಿಲ್ಲ’ ಎಂಬ ಸಾಲನ್ನು ಅಳಿಸಿ ಸುಮ್ಮನಾದರೆ 3.12ರಲ್ಲಿ ಕೆಲಸ ಮಾಡುವವರಿಗೆ ದೋಷ ಏಕೆ ಬಂತೆಂದೇ ತಿಳಿಯುವುದಿಲ್ಲ. ‘3.12ರಿಂದ ಇದು ಇಲ್ಲ, ಸೆಟಪ್‌ಟೂಲ್ಸ್ ಬಳಸಿ’ ಎಂದು ತಿದ್ದಬೇಕು.

ನಿಮ್ಮ ಲೈಬ್ರರಿಯ ಈಗಿನ ಆವೃತ್ತಿ ಸಂಖ್ಯೆಯನ್ನು ಪುಟಪುಟದಲ್ಲಿ ಕೈಯಿಂದ ಬರೆಯುವ ಬದಲು ಸ್ಫಿಂಕ್ಸ್‌ನ ‘ರಿಲೀಸ್’ ಬದಲಿಪದವನ್ನು ಬಳಸಿದರೆ ಕಾನ್ಫಿಗರೇಶನ್ ಕಡತದಲ್ಲಿ ಒಮ್ಮೆ ಬದಲಿಸಿದರೆ ಸಾಕು. ಆದರೆ ಕೋಡ್ ಬ್ಲಾಕ್‌ಗಳ ಒಳಗೆ ಈ ಬದಲಿಪದ ತಾನಾಗಿ ಕೆಲಸ ಮಾಡುವುದಿಲ್ಲ. ಇನ್‌ಸ್ಟಾಲ್ ಮಾಡುವ ಆಜ್ಞೆಯಲ್ಲಿ ಸಂಖ್ಯೆ ಬೇಕೇಬೇಕೆಂದಿದ್ದರೆ ‘ಪಾರ್ಸ್ಡ್-ಲಿಟರಲ್’ ನಿರ್ದೇಶ ಬಳಸಬಹುದು.

ಕೊಂಡಿಗಳು ಮತ್ತು ಅನುವಾದ

ಪೈಥಾನ್‌ನ ಅಧಿಕೃತ ಕೈಪಿಡಿಗೆ ಕೊಟ್ಟ ಕೊಂಡಿಯ ವಿಳಾಸದಲ್ಲಿ 3.6 ಎಂದಿದ್ದರೆ ಅಲ್ಲಿ ಬರೀ 3 ಎಂದು ಮಾಡಿ, ಜಾಂಗೋ ಕೊಂಡಿಗಳಲ್ಲಿ ಸಂಖ್ಯೆಯ ಜಾಗದಲ್ಲಿ ‘ಸ್ಟೇಬಲ್’ ಎಂದು ಬರೆಯಿರಿ. ಆವೃತ್ತಿ ಸಂಖ್ಯೆಯಿದ್ದ ಉಪಶೀರ್ಷಿಕೆಗಳನ್ನು ಬದಲಿಸಿದಾಗ ಅವುಗಳಿಗಿದ್ದ ಒಳಕೊಂಡಿಗಳು ಮುರಿಯುತ್ತವೆ. ಸ್ಫಿಂಕ್ಸ್‌ನ ‘ಲಿಂಕ್‌ಚೆಕ್’ ಓಡಿಸಿ, ಎಚ್ಚರಿಕೆಗಳನ್ನು ದೋಷವೆಂದೇ ಪರಿಗಣಿಸುವ ಆಯ್ಕೆಯೊಂದಿಗೆ ಕೈಪಿಡಿಯನ್ನು ಮತ್ತೆ ಕಟ್ಟಬೇಕು.

ಅನುವಾದದ ವಿಷಯವನ್ನು ಅನೇಕರು ಮರೆಯುತ್ತಾರೆ. ಗೆಟ್‌ಟೆಕ್ಸ್ಟ್ ಪದ್ಧತಿಯಲ್ಲಿ ಅನುವಾದ ಅಂಟಿಕೊಂಡಿರುವುದು ಮೂಲ ವಾಕ್ಯದ ಅಕ್ಷರಗಳಿಗೆ. ಮೂಲದಲ್ಲಿ ‘3.7ರಿಂದ’ ಎಂಬುದಷ್ಟೇ ಹೋದರೂ, ಹೊಸ ಮೂಲದೊಂದಿಗೆ ಕಡತವನ್ನು ಹೊಂದಿಸಿದಾಗ ಅದರ ಕನ್ನಡ ಅನುವಾದ ‘ಫಝಿ’ (ಮರುಪರಿಶೀಲನೆ ಬೇಕು) ಎಂದು ಗುರುತಾಗುತ್ತದೆ. ಫಝಿ ಆದದ್ದು ಸಾಮಾನ್ಯವಾಗಿ ಪುಟದಲ್ಲಿ ಬರುವುದಿಲ್ಲ, ಓದುಗರಿಗೆ ಇಂಗ್ಲಿಷ್ ವಾಕ್ಯವೇ ಕಾಣುತ್ತದೆ. ಬಿಡುವಿನ ವೇಳೆಯಲ್ಲಿ ಕನ್ನಡಕ್ಕೆ ತರುವ ಸ್ವಯಂಸೇವಕರು ಕೆಲವೇ ಮಂದಿ ಇರುವಾಗ, ಮುನ್ಸೂಚನೆಯಿಲ್ಲದೆ ನೂರಾರು ವಾಕ್ಯಗಳನ್ನು ಹೀಗೆ ಕೆಡವುವುದು ಅವರ ದುಡಿಮೆಗೆ ತೋರುವ ಅಗೌರವ. ಆದ್ದರಿಂದ ಬಿಡುಗಡೆಗೆ ಸಾಕಷ್ಟು ಮೊದಲೇ ಈ ಕೆಲಸ ಮುಗಿಸಿ ಅನುವಾದಕರಿಗೆ ತಿಳಿಸಿ. ಹೊಸದಾಗಿ ಬರೆಯುವಾಗ ಆವೃತ್ತಿಯ ಮಾತನ್ನು ವಾಕ್ಯದ ನಡುವೆ ಹೆಣೆಯದೆ ಪ್ರತ್ಯೇಕ ನಿರ್ದೇಶದಲ್ಲಿಯೇ ಇಟ್ಟರೆ, ಮುಂದೆ ಅದನ್ನು ತೆಗೆದಾಗ ಅಕ್ಕಪಕ್ಕದ ಅನುವಾದಕ್ಕೆ ಏನೂ ಆಗುವುದಿಲ್ಲ.

ಕಮಿಟ್ ಮತ್ತು ಮುಂದಿನ ಸರದಿ

ಒಂದು ಆವೃತ್ತಿಯ ಉಲ್ಲೇಖಗಳಿಗೆ ಒಂದು ಕಮಿಟ್ (ಗಿಟ್‌ನಲ್ಲಿ ಒಟ್ಟಿಗೆ ದಾಖಲಿಸುವ ಬದಲಾವಣೆ) ಇರಲಿ. ಕಾಗುಣಿತದ ತಿದ್ದುಪಡಿ, ಹೊಸ ಅಧ್ಯಾಯ ಯಾವುದನ್ನೂ ಅದರಲ್ಲಿ ಬೆರೆಸಬಾರದು. ರಿವ್ಯೂ ಮಾಡುವವರು ಪ್ರತಿ ಸಾಲಿನಲ್ಲಿಯೂ ಒಂದೇ ಪ್ರಶ್ನೆ ಕೇಳಿಕೊಂಡು ಮುಂದೆ ಹೋಗುವಂತಿರಬೇಕು. ಎಳೆದ ಗೆರೆ ಯಾವುದು, ಅದು ಎಲ್ಲಿಂದ ಬಂತು ಎಂಬುದನ್ನು ಕಮಿಟ್ ಸಂದೇಶದಲ್ಲಿಯೇ ಬರೆಯಿರಿ. ಈ ಕೆಲಸವನ್ನು ಬಿಡುಗಡೆಯ ಕೆಲಸಗಳ ಪಟ್ಟಿಗೂ ಸೇರಿಸಿ. ಪೈಥಾನ್ 3.10ರ ಬೆಂಬಲದ ಕೊನೆ 2026ರ ಅಕ್ಟೋಬರ್‌ಗೆ ನಿಗದಿಯಾಗಿದ್ದು, ನಿಮ್ಮ ಗೆರೆ 3.11ಕ್ಕೆ ಏರಿದಾಗ ಟಾಮ್ಲ್‌ಲಿಬ್ ಕವಲನ್ನು ತೆಗೆಯಬೇಕೆಂದು ಈಗಲೇ ಒಂದು ಇಶ್ಯೂ (ಮಾಡಬೇಕಾದ ಕೆಲಸದ ನಮೂದು) ತೆರೆದು, ಅದರಲ್ಲಿ ಕಡತದ ಹೆಸರು ಬರೆದಿಡಿ.