ಒಂದೇ ಎಂಜಿನ್ನಿಗೆ ನಾಲ್ಕು ಕಂಪನಿ ಪ್ಲಗ್: ನನ್ನ ಅನುಭವ

ಎರಡು ಗಾಡಿಗೆ ಎರಡು ಕಂಪನಿ ಸ್ಪಾರ್ಕ್ ಪ್ಲಗ್ (ಸಿಲಿಂಡರಿನೊಳಗೆ ಕಿಡಿ ಹಾರಿಸುವುದು) ಹಾಕಿ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಒಬ್ಬ ಡ್ರೈವರ್ ಯಾತ್ರಿಕರನ್ನು ಕೂರಿಸಿಕೊಂಡು ಗಾಣಗಾಪುರಕ್ಕೆ ಮೆಲ್ಲಗೆ ಹೋಗಿ ಬರುತ್ತಾನೆ, ಇನ್ನೊಬ್ಬ ಹೈದರಾಬಾದಿಗೆ ಆಕ್ಸಿಲರೇಟರ್‌ನಿಂದ ಕಾಲೇ ಎತ್ತುವುದಿಲ್ಲ. ಅದಕ್ಕೇ ನನ್ನ ಗ್ಯಾರೇಜಿಗೆ ಬರುವ, ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದ ಒಂದು ಹಳೆ ಡಿಸೈರ್ ಹಿಡಿದು, ನಾಲ್ಕು ಸಿಲಿಂಡರಿಗೆ ನಾಲ್ಕು ಥರ ಪ್ಲಗ್ ಹಾಕಿದೆ: ಎರಡು ನಿಕಲ್, ಎರಡು ಇರಿಡಿಯಂ (ಕಿಡಿ ಹಾರುವ ತುದಿಯ ಲೋಹ), ಎಲ್ಲ ಬೇರೆ ಬೇರೆ ಕಂಪನಿ. ಎಣ್ಣೆ ಬದಲಿಸಲು ಬಂದಾಗಲೆಲ್ಲ ಬಿಚ್ಚಿ, ಕಿಡಿ ಹಾರುವ ಗ್ಯಾಪ್ ಅಳೆದು, ಜಾಗ ಬದಲಿಸಿ ಹಾಕುವುದು. ಸಿಲಿಂಡರಿನ ದೋಷ ಪ್ಲಗ್ಗಿನ ತಲೆಗೆ ಬರಬಾರದಲ್ಲ.

ಆಳಂದ ನಾಕಾ ಕಡೆಯ ಮಿಸ್ತ್ರಿಗಳು ನಕ್ಕರು. "ಉಸ್ತಾದ್, ಮಂದಿ ಗಾಡಿ ಮ್ಯಾಲ ಆಟ ಆಡ್ಲತ್ತೀರೇನ್ರಿ? ಎಂಜಿನ್ ಹಾಳಾಗ್ತದ!" ಆಗಲಿಲ್ಲ. ಹೀಟ್ ರೇಂಜ್ (ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಬಿಡುತ್ತದೆ ಅನ್ನುವ ಅಳತೆ) ಮತ್ತು ಗ್ಯಾಪ್ ಒಂದೇ ಇದ್ದರೆ ಪ್ಲಗ್ಗಿನ ಮೇಲಿನ ಹೆಸರು ಎಂಜಿನ್ನಿಗೆ ಗೊತ್ತಾಗುವುದಿಲ್ಲ.

ಆದರೆ ಆ ಹೀಟ್ ರೇಂಜ್‌ನಲ್ಲೇ ಮೊದಲ ಸೆಟ್ ಕೆಟ್ಟಿತು. ಅಂಗಡಿಯವನು "ನಂಬರ್ ಒಂದೇ ಅದರಿ" ಎಂದು ಎನ್‌ಜಿಕೆ 7, ಬಾಷ್ 7 ಎರಡನ್ನೂ ಕಟ್ಟಿಕೊಟ್ಟ. ಎನ್‌ಜಿಕೆ, ಡೆನ್ಸೊ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಪ್ಲಗ್ ಕೋಲ್ಡ್, ಅಂದರೆ ಬಿಸಿ ಬೇಗ ಬಿಡುವಂಥದು. ಬಾಷ್, ಚಾಂಪಿಯನ್‌ದು ಉಲ್ಟಾ. ಎನ್‌ಜಿಕೆ 6ಕ್ಕೆ ಡೆನ್ಸೊ 20, ಬಾಷ್ 7, ಚಾಂಪಿಯನ್ 9 ಹೆಚ್ಚುಕಡಿಮೆ ಜೋಡಿ. ನಂಬರ್ ತಪ್ಪಿದ ಪ್ಲಗ್ ಮಸಿ ಹಿಡಿದು ಬಂದರೆ "ಈ ಕಂಪನಿ ಮಾಲೇ ಸರಿಯಿಲ್ಲ" ಅನ್ನುತ್ತೇವೆ.

ಎರಡನೇ ಸೆಟ್‌ನಲ್ಲಿ ಒಂದು ಡೂಪ್ಲಿಕೇಟ್. ಮೂರು ಸಾವಿರ ಕಿಲೋಮೀಟರ್ ಆಗುವುದರೊಳಗೆ ಸೇಡಂ ರಸ್ತೆಯಲ್ಲಿ ಗಾಡಿ ಕಿಡಿ ತಪ್ಪಿ ಮಿಸ್ಸಿಂಗ್ ಹೊಡೆಯಿತು, ಡ್ರೈವರನ ಒಂದು ದಿನದ ಬಾಡಿಗೆ ನನ್ನ ಜೇಬಿನಿಂದ ಹೋಯಿತು. ಅಂದಿನಿಂದ ಮೊದಲು ವಾಷರ್ ನೋಡುತ್ತೇನೆ. ಅಸಲಿ ಎನ್‌ಜಿಕೆ ಪ್ಲಗ್ಗಿನ ವಾಷರ್ ಕೈಯಿಂದ ಸುಲಭಕ್ಕೆ ಕಳಚಿ ಬರುವುದಿಲ್ಲ. ಪಿಂಗಾಣಿ ಮೇಲಿನ ಅಕ್ಷರ ನೋಡಿ ಹೇಳುವ ಗುರುತು ಇನ್ನೊಂದಿದೆ. ಅದನ್ನು ಇಲ್ಲಿ ಬರೆದರೆ ನಕಲಿ ಮಾಡುವವರು ಅದನ್ನೂ ಸರಿಮಾಡಿಕೊಳ್ಳುತ್ತಾರೆ, ಇರಲಿ.

ಮೂರನೇ ಸೆಟ್ ನಿಂತಿತು. ನಾಲ್ಕಕ್ಕೂ 0.8 ಮಿಲಿಮೀಟರ್ ಗ್ಯಾಪ್ ಇಟ್ಟಿದ್ದೆ. ಪೆಟ್ರೋಲಿಗೆ ಬರುವ ಗ್ಯಾಪ್ ಸಿಎನ್‌ಜಿಗೆ ಜಾಸ್ತಿ, ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ದಣಿಯುತ್ತದೆ. ಇಪ್ಪತ್ತು ಸಾವಿರಕ್ಕೆ ನಿಕಲ್ ಎರಡೂ 1 ದಾಟಿದ್ದವು, ಒಂದಂತೂ 1.1ರ ಹತ್ತಿರ. ಇರಿಡಿಯಂನಲ್ಲಿ ಸವೆತ ಗ್ಯಾಪ್ ಅಳೆಯುವ ಫೀಲರ್ ಗೇಜಿಗೆ ಸಿಗಲೇ ಇಲ್ಲ. ನಿಕಲ್ ನಿಕಲ್ ನಡುವೆ, ಇರಿಡಿಯಂ ಇರಿಡಿಯಂ ನಡುವೆ ಕಂಪನಿಯಿಂದ ಬಂದ ಫರಕು ಸಣ್ಣದು. ಲೋಹದ ಫರಕೇ ದೊಡ್ಡದು.

ಪಿಕಪ್ ಬಗ್ಗೆ ಕೇಳುವವರಿಗೆ: ಹೊಸ ನಿಕಲ್ ಸೆಟ್, ಹೊಸ ಇರಿಡಿಯಂ ಸೆಟ್ ಬದಲಿಸಿ, ಯಾವುದೆಂದು ಹೇಳದೆ ಜೇವರ್ಗಿ ರಸ್ತೆಗೆ ಗಾಡಿ ಬಿಟ್ಟೆ. ಯಾವ ಡ್ರೈವರನೂ ಗುರುತು ಹಿಡಿಯಲಿಲ್ಲ. ಮೈಲೇಜೂ ಅಷ್ಟೇ. ಸವೆದ ಪ್ಲಗ್ ತೆಗೆದು ಯಾವ ಹೊಸದು ಹಾಕಿದರೂ ಗಾಡಿ ಹಾರುತ್ತದೆ, ಹೆಸರು ಮಾತ್ರ ದುಬಾರಿ ಪ್ಲಗ್ಗಿಗೆ. ನಡುವೆ ನಾಲ್ಕು ಕಾಲಿನ (ತುದಿಯ ಬಳಿ ಬಾಗಿದ ಕೊಕ್ಕೆ ನಾಲ್ಕಿರುವ) ಪ್ಲಗ್ಗೂ ನೋಡಿದೆ. ಕಿಡಿ ಒಂದು ಸಲಕ್ಕೆ ಒಂದೇ ಕಾಲಿಗೆ ಹಾರುತ್ತದೆ. ಗ್ಯಾಪ್ ಸರಿಮಾಡುವುದೇ ತಲೆನೋವಾಗಿ ಬಿಟ್ಟುಬಿಟ್ಟೆ.

ದುಡ್ಡಿನ ಮಾತು. ನಿಕಲ್ ಸೆಟ್ ಐದುನೂರರ ಆಸುಪಾಸು, ಸಿಎನ್‌ಜಿಯಲ್ಲಿ ಹದಿನೈದು-ಇಪ್ಪತ್ತು ಸಾವಿರಕ್ಕೆ ಬದಲಿಸಲೇಬೇಕು. ಇರಿಡಿಯಂ ಸೆಟ್ ಎರಡೂವರೆ ಸಾವಿರ, ಅರವತ್ತು ಸಾವಿರ ಕಿಲೋಮೀಟರ್ ದಾಟಿಯೂ ಓಡುತ್ತಿದೆ. ಬರೀ ಪ್ಲಗ್ ಲೆಕ್ಕ ಹಾಕಿದರೆ ನಿಕಲ್ಲೇ ಅಗ್ಗ. ಆದರೆ ನಿಕಲ್ ಗ್ಯಾಪ್ ಅಗಲವಾದ ಮೇಲೂ "ಇನ್ನೊಂದು ತಿಂಗಳು ನಡೀಲಿ ಬಿಡ್ರಿ" ಅನ್ನುವ ಮಾಲಕರಿಗೆ ಕಾಯಿಲ್ ಹೋಗುತ್ತದೆ. ಕಾಯಿಲ್ ಒಂದಕ್ಕೆ ಎರಡು ಸಾವಿರದ ಹತ್ತಿರ, ಗಾಡಿ ನಿಂತ ದಿನದ ನಷ್ಟ ಬೇರೆ. ಟ್ಯಾಕ್ಸಿಗೆ ಇರಿಡಿಯಂ ಹೇಳುವುದು ಇದಕ್ಕೇ. ವಾರಕ್ಕೊಮ್ಮೆ ಸೂಪರ್ ಮಾರ್ಕೆಟ್ಟಿಗೆ ಹೋಗಿಬರುವ ಮನೆ ಗಾಡಿಗೆ ನಿಕಲ್ ಸಾಕು.

ಇರಿಡಿಯಂ ಗ್ಯಾಪ್ ಕಡಿಮೆ ಮಾಡುವಾಗ ಮೇಲಿನ ಕಾಲನ್ನಷ್ಟೇ ಒತ್ತಬೇಕು. ನಡುವಿನ ಕಡ್ಡಿ ಅರ್ಧ ಮಿಲಿಮೀಟರ್ ಆಸುಪಾಸಿನದು, ತಾಗಿದರೆ ಮುರಿಯುತ್ತದೆ. ಮೇ ತಿಂಗಳಲ್ಲಿ ಹೈದರಾಬಾದಿನಿಂದ ಕಾದು ಬಂದ ಗಾಡಿಯ ಪ್ಲಗ್ ಮಾಲಕ ಎಷ್ಟೇ ಅವಸರ ಮಾಡಿದರೂ ತಕ್ಷಣ ಬಿಚ್ಚುವುದಿಲ್ಲ; ಹೆಡ್ ಅಲ್ಯುಮಿನಿಯಂ, ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು. ನನ್ನ ಗ್ಯಾರೇಜಿನಲ್ಲಿ ಇದುವರೆಗೆ ಒಂದು ಥ್ರೆಡ್ ಹೋಗಿಲ್ಲ. ಈಗ ಬೀದರ್ ಲೈನಿನ ಒಂದು ಎರ್ಟಿಗಾಕ್ಕೆ ಒಂದು ಹಂತ ಕೋಲ್ಡ್ ಪ್ಲಗ್ ಹಾಕಿ ಬಿಟ್ಟಿದ್ದೇನೆ. ಹೈವೇಯಲ್ಲಿ ಚಲೋ ಇದೆ, ಊರೊಳಗೆ ಪೆಟ್ರೋಲಿನಲ್ಲಿ ನಿಧಾನ ಓಡಿದರೆ ಮಸಿ ಹಿಡಿಯುತ್ತಿದೆ.